2-3, 3-2, 1-3-1: ಬಾಸ್ಕೆಟ್‌ಬಾಲ್ ಕೋಚಿಂಗ್ ಆಟದಲ್ಲಿ ಯಾವ ಜೋನ್ ಯಾವಾಗ?

ನಾಳೆ ಸಂಜೆ ಬಝರ್‌ಬೀಟರ್ ಎಂಬ ಆನ್‌ಲೈನ್ ಬಾಸ್ಕೆಟ್‌ಬಾಲ್ ಕೋಚಿಂಗ್ ಆಟದಲ್ಲಿ ನನ್ನ ತಂಡಕ್ಕೆ ಲೀಗ್ ಪಂದ್ಯವಿದೆ. ಎದುರಾಳಿಯ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಕಳೆದ ಐದು ಪಂದ್ಯಗಳಲ್ಲಿ ಸರಾಸರಿ 24 ಅಂಕ ಗಳಿಸಿದ್ದಾನೆ. ಅವನ ಪಕ್ಕದ ಪವರ್ ಫಾರ್ವರ್ಡ್ ಕೂಡ ಸಾಮಾನ್ಯನಲ್ಲ. ಆ ತಂಡ ಒಂದು ಪಂದ್ಯದಲ್ಲಿ ಹೆಚ್ಚುಕಡಿಮೆ 80 ಸಲ ಬುಟ್ಟಿಗೆ ಚೆಂಡೆಸೆಯುತ್ತದೆ, ಅದರಲ್ಲಿ ತ್ರೀ ಪಾಯಿಂಟರ್‌ಗಳು (ದೂರದ ಗೆರೆಯಾಚೆಯಿಂದ ಎಸೆಯುವ ಮೂರಂಕದ ಎಸೆತಗಳು) 20 ಮಾತ್ರ. ಬಝರ್‌ಬೀಟರ್ ಆಟದಲ್ಲಿ ರಕ್ಷಣಾ ತಂತ್ರಗಳ ಪಟ್ಟಿ ತೆರೆದರೆ ಮ್ಯಾನ್ ಟು ಮ್ಯಾನ್, 2-3 ಜೋನ್, 3-2 ಜೋನ್, 1-3-1 ಜೋನ್, ಫುಲ್ ಕೋರ್ಟ್ ಪ್ರೆಸ್, ಜೊತೆಗೆ ಎರಡು ಬಗೆಯ ಬಾಕ್ಸ್ ಆ್ಯಂಡ್ ಒನ್ ಕಾಣುತ್ತವೆ. ಮ್ಯಾನ್ ಟು ಮ್ಯಾನ್‌ನಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುತ್ತಾರೆ, ಜೋನ್‌ನಲ್ಲಿ ಒಂದೊಂದು ಜಾಗ ಕಾಯುತ್ತಾರೆ, ಪ್ರೆಸ್‌ನಲ್ಲಿ ಇಡೀ ಅಂಕಣದಲ್ಲಿ ಒತ್ತಡ ಹಾಕುತ್ತಾರೆ. ಆರಿಸುವುದು ಪಂದ್ಯಕ್ಕೆ ಮೊದಲೇ. ಆಟ ಶುರುವಾದ ಮೇಲೆ ಟೈಮ್ ಔಟ್ ಕರೆದು ಹುಡುಗರನ್ನು ಬೇರೆ ರೀತಿ ನಿಲ್ಲಿಸುವ ಅವಕಾಶ ಕೋಚ್‌ಗೆ ಇಲ್ಲ.

ಹೊಸದಾಗಿ ಆಡುವವರು ಈ ಪಟ್ಟಿಯ ಮುಂದೆ ಕುಳಿತಾಗ ತಮ್ಮ ತಂಡವನ್ನೇ ನೋಡಿ ನಿರ್ಧರಿಸುತ್ತಾರೆ. "ನನ್ನ ಗಾರ್ಡ್‌ಗಳಿಗೆ ವೇಗವಿಲ್ಲ, ಒಬ್ಬೊಬ್ಬರನ್ನೇ ಹಿಡಿಯಲಾರರು, ಹಾಗಾಗಿ ಜೋನ್ ಹಾಕಿಬಿಡೋಣ" ಎಂಬುದು ಅವರ ತರ್ಕ (ಗಾರ್ಡ್ ಎಂದರೆ ಬುಟ್ಟಿಯಿಂದ ದೂರದಲ್ಲಿ ಆಡುವ, ಚೆಂಡು ನಡೆಸುವ ಆಟಗಾರ). ನಾನೂ ಎರಡು ಋತುಗಳ ಕಾಲ ಹೀಗೆಯೇ ಆಡಿದೆ. ಆದರೆ ದುರ್ಬಲ ಆಟಗಾರನನ್ನು ಬಚ್ಚಿಡುವ ಶಕ್ತಿ ಜೋನ್‌ಗೆ ಇಲ್ಲ. ಎದುರಾಳಿಗೆ ಯಾವ ಎಸೆತವನ್ನು ಬಿಟ್ಟುಕೊಡಬೇಕು, ಯಾವುದನ್ನು ತಡೆಯಬೇಕು ಎಂಬುದಷ್ಟನ್ನೇ ಅದು ತೀರ್ಮಾನಿಸುತ್ತದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದ ಅರ್ಧಭಾಗವನ್ನು ಐವರೇ ಕಾಯಬೇಕು. ಕಂಬಳಿ ಚಿಕ್ಕದು: ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ. ಎದುರಾಳಿಯ ಯಾವ ಎಸೆತ ನಿಮಗೆ ಕಡಿಮೆ ನೋವು ಕೊಡುತ್ತದೆ ಎಂದು ಮೊದಲು ಕಂಡುಕೊಂಡರೆ, ಯಾವ ಜೋನ್ ಬೇಕು ಎಂಬುದು ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ.

ಅಂಕಿಗಳನ್ನು ಓದುವ ಕ್ರಮವನ್ನು ಒಮ್ಮೆ ನೆನಪಿಟ್ಟುಕೊಳ್ಳಿ. ಮೊದಲ ಅಂಕಿ ಮಧ್ಯರೇಖೆಯ ಕಡೆಗಿನ ಸಾಲು, ಕೊನೆಯದು ಬುಟ್ಟಿಯ ಬಳಿಯ ಸಾಲು. 2-3 ಎಂದರೆ ಮುಂದೆ ಇಬ್ಬರು, ಹಿಂದೆ ಮೂವರು. 3-2 ಅದರ ತಿರುಗುಮುರುಗು. 1-3-1ರಲ್ಲಿ ತುದಿಯಲ್ಲಿ ಒಬ್ಬ, ನಡುವೆ ಅಡ್ಡಲಾಗಿ ಮೂವರು, ಬುಟ್ಟಿಯ ಹಿಂದಿನ ಗೆರೆಯ ಬಳಿ ಒಬ್ಬ.

ಜೋನ್ ಬೇಕೇ ಎಂಬ ಪ್ರಶ್ನೆ ಮೊದಲು

ಎದುರಾಳಿಯ ಆಟ ಒಳಗೂ ಹೊರಗೂ ಸಮನಾಗಿ ಹಂಚಿಹೋಗಿದ್ದರೆ, ನಿಮ್ಮ ಐವರೂ ತಂತಮ್ಮ ಜೋಡಿಯನ್ನು ತಕ್ಕಮಟ್ಟಿಗೆ ಹಿಡಿಯಬಲ್ಲವರಾಗಿದ್ದರೆ, ಮ್ಯಾನ್ ಟು ಮ್ಯಾನ್ ಬಿಟ್ಟು ಕದಲಬೇಡಿ. ಅದರಲ್ಲಿ ದೊಡ್ಡ ಲಾಭವೂ ಇಲ್ಲ, ದೊಡ್ಡ ರಂಧ್ರವೂ ಇಲ್ಲ. ಎದುರಾಳಿಯ ಆಟ ಒಂದು ಕಡೆಗೆ ವಾಲಿದಾಗ ಮಾತ್ರ ಜೋನ್‌ಗೆ ಬೆಲೆ ಬರುತ್ತದೆ. ವಾಲದ ತಂಡದ ಮೇಲೆ ವಾಲಿದ ರಕ್ಷಣೆ ಹೂಡಿದರೆ ನೀವು ತೆರೆದಿಟ್ಟ ಬಾಗಿಲಿನಲ್ಲಿಯೇ ಅವರು ಬರುತ್ತಾರೆ.

2-3: ಒಳಗಿನ ಕೋಟೆ

ಈ ಜೋನ್‌ನ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಚಲಿತವಿದೆ. 1914ರ ಸುಮಾರಿಗೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕ್ಯಾಮ್ ಹೆಂಡರ್ಸನ್ ಎಂಬ ಕೋಚ್ ತನ್ನ ತಂಡವನ್ನು ಒಂದು ಹಳೆಯ ಸಭಾಂಗಣದಲ್ಲಿ ಆಡಿಸಬೇಕಾಗಿ ಬಂತಂತೆ. ಸೂರು ಸೋರಿ ನೆಲವೆಲ್ಲ ಜಾರುತ್ತಿತ್ತು. ಎದುರಾಳಿಯ ಬೆನ್ನು ಹತ್ತಿ ಓಡಿದರೆ ಬೀಳುವುದು ಖಂಡಿತ ಎಂದು ಕಂಡು, ಹುಡುಗರಿಗೆ ಒಂದೊಂದು ಜಾಗ ಗುರುತಿಸಿಕೊಟ್ಟು ಅಲ್ಲಿಯೇ ನಿಂತು ಕಾಯಲು ಹೇಳಿದರಂತೆ. ವಿವರ ಎಷ್ಟರಮಟ್ಟಿಗೆ ನಿಜವಾದರೂ ಇರಲಿ, ಜೋನ್‌ನ ಜೀವಾಳ ಆ ಕಥೆಯಲ್ಲಿದೆ: ಮನುಷ್ಯನನ್ನು ಬಿಟ್ಟು ಜಾಗವನ್ನು ಕಾಯುವುದು.

ಇದನ್ನು ಒಂದು ಕುಲವಿದ್ಯೆಯಂತೆ ಬೆಳೆಸಿದವರು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಜಿಮ್ ಬೋಹೈಮ್. 1976ರಿಂದ 2023ರವರೆಗೆ 47 ಋತುಗಳ ಕಾಲ ಅವರು ಅಲ್ಲಿ ಮುಖ್ಯ ಕೋಚ್ ಆಗಿದ್ದರು. 2003ರ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಫೈನಲ್‌ನಲ್ಲಿ ಅವರ ತಂಡ ಕನ್ಸಾಸ್ ವಿರುದ್ಧ 81-78ರಿಂದ ಗೆದ್ದಿತು. ಕೊನೆಯ ಕ್ಷಣಗಳಲ್ಲಿ ಕನ್ಸಾಸ್‌ನ ಮೈಕಲ್ ಲೀ ಮೂಲೆಯಲ್ಲಿ ಒಂಟಿಯಾಗಿ ನಿಂತು, ಪಂದ್ಯವನ್ನು ಸಮಗೊಳಿಸಬಹುದಾಗಿದ್ದ ತ್ರೀ ಪಾಯಿಂಟರ್ ಎಸೆದ. ಒಳಗಿನಿಂದ ಓಡಿಬಂದ ಫಾರ್ವರ್ಡ್ ಹಕೀಮ್ ವಾರಿಕ್ ಚಿಮ್ಮಿ ಚೆಂಡನ್ನು ಹೊರಗೆ ತಟ್ಟಿದ. ಸಿಮ್ಯುಲೇಷನ್ ಆಟ ಆಡುವವರು ಈ ಒಂದು ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 2-3ರಲ್ಲಿ ಮೂಲೆ ಯಾರದು? ಗಾರ್ಡ್‌ನದಲ್ಲ, ಹಿಂದಿನ ಸಾಲಿನ ಫಾರ್ವರ್ಡ್‌ನದು. ಪೇಂಟ್‌ನಲ್ಲೂ (ಬುಟ್ಟಿಯ ಮುಂದಿನ ಬಣ್ಣದ ಜಾಗ) ನಿಂತು, ಮೂಲೆಗೂ ಓಡಬಲ್ಲ ಉದ್ದ ತೋಳಿನ ಫಾರ್ವರ್ಡ್ ಇಲ್ಲದಿದ್ದರೆ ಈ ಜೋನ್ ಅರ್ಧ ಸತ್ತಂತೆ.

ಬಝರ್‌ಬೀಟರ್‌ನಲ್ಲಿ ಪಂದ್ಯ ಮುಗಿದ ಮೇಲೆ ತಂಡಕ್ಕೆ ಹೊರಗಿನ ದಾಳಿ, ಒಳಗಿನ ದಾಳಿ, ಹೊರಗಿನ ರಕ್ಷಣೆ, ಒಳಗಿನ ರಕ್ಷಣೆ, ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ದಾಳಿಯ ಹರಿವು ಎಂದು ಬೇರೆ ಬೇರೆ ದರ್ಜೆ ಸಿಗುತ್ತದೆ. 2-3 ಹಾಕಿದಾಗ ಒಳಗಿನ ರಕ್ಷಣೆ ಏರುತ್ತದೆ, ಹೊರಗಿನದು ಇಳಿಯುತ್ತದೆ. ಲುಕ್ ಇನ್‌ಸೈಡ್, ಲೋ ಪೋಸ್ಟ್‌ನಂಥ ಒಳಗಿನ ದಾಳಿಗಳನ್ನು ನೆಚ್ಚಿಕೊಂಡ ತಂಡದ ಎದುರು ಇದಕ್ಕಿಂತ ಒಳ್ಳೆಯ ಉತ್ತರ ಆ ಪಟ್ಟಿಯಲ್ಲಿಲ್ಲ.

ಆದರೆ ಎಷ್ಟು ಲಾಭ, ಎಷ್ಟು ನಷ್ಟ? ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ನನಗೆ ವಿಷಯ ತಿಳಿಯಾದದ್ದು. ಉದಾಹರಣೆಗಾಗಿ ಹೀಗೆ ಊಹಿಸಿಕೊಳ್ಳೋಣ: 2-3ರಿಂದ ಎದುರಾಳಿಯ ಎರಡಂಕದ ಎಸೆತಗಳ ಯಶಸ್ಸು ಶೇ 50ರಿಂದ 46ಕ್ಕೆ ಇಳಿಯುತ್ತದೆ, ತ್ರೀ ಪಾಯಿಂಟರ್‌ಗಳ ಯಶಸ್ಸು ಶೇ 34ರಿಂದ 37ಕ್ಕೆ ಏರುತ್ತದೆ. ಅಂದರೆ ಪ್ರತಿ ಎರಡಂಕದ ಎಸೆತದಲ್ಲಿ ನಿಮಗೆ ಉಳಿತಾಯ 0.08 ಅಂಕ, ಪ್ರತಿ ತ್ರೀ ಪಾಯಿಂಟರ್‌ನಲ್ಲಿ ನಷ್ಟ 0.09 ಅಂಕ. ಎದುರಾಳಿ 60 ಎರಡಂಕದ, 20 ಮೂರಂಕದ ಎಸೆತ ಎಸೆಯುವ ತಂಡವಾಗಿದ್ದರೆ ಉಳಿತಾಯ 4.8, ನಷ್ಟ 1.8, ನಿವ್ವಳ ಮೂರು ಅಂಕ ನಿಮ್ಮ ಕಡೆಗೆ. ಎಸೆತಗಳು 40-40 ಆಗಿದ್ದರೆ ಉಳಿತಾಯ 3.2, ನಷ್ಟ 3.6, ಜೋನ್ ಹಾಕಿದ್ದೇ ದಂಡ. ಈ ಶೇಕಡಾವಾರುಗಳು ಆಟದಿಂದ ಆಟಕ್ಕೆ, ತಂಡದಿಂದ ತಂಡಕ್ಕೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಲೆಕ್ಕದ ರೀತಿ. ಎದುರಾಳಿಯ ಎಸೆತಗಳಲ್ಲಿ ತ್ರೀ ಪಾಯಿಂಟರ್‌ಗಳ ಪಾಲು ಎಷ್ಟು ಎಂಬ ಒಂದೇ ಅಂಕಿ 2-3ರ ಹಣೆಬರಹವನ್ನು ಬಹುಮಟ್ಟಿಗೆ ಬರೆದುಬಿಡುತ್ತದೆ.

ಇದಕ್ಕೊಂದು ವಿನಾಯಿತಿ ಇದೆ. ದೂರದಿಂದ ಬಹಳ ಎಸೆಯುತ್ತಾರೆ, ಆದರೆ ಚೆಂಡು ಬೀಳುವುದಿಲ್ಲ ಎನ್ನುವಂಥ ತಂಡದ ಎದುರು 2-3 ಇನ್ನೂ ಚೆನ್ನ. 2018ರ ಎನ್‌ಸಿಎಎ ಟೂರ್ನಿಯಲ್ಲಿ ಸಿರಾಕ್ಯೂಸ್ ತನಗಿಂತ ಬಲಿಷ್ಠವಾದ ಮಿಷಿಗನ್ ಸ್ಟೇಟ್ ತಂಡವನ್ನು 55-53ರಿಂದ ಮಣಿಸಿತು. ಒಳಗೆ ದಾರಿ ಕಾಣದ ಮಿಷಿಗನ್ ಸ್ಟೇಟ್ 37 ತ್ರೀ ಪಾಯಿಂಟರ್‌ಗಳನ್ನು ಎಸೆಯಿತು, ಬಿದ್ದದ್ದು 8. ಬಿಟ್ಟುಕೊಟ್ಟ ಎಸೆತವೇ ಎದುರಾಳಿಯನ್ನು ಮುಳುಗಿಸಿತು.

ನಿಜವಾದ ಅಂಕಣದಲ್ಲಿ 2-3ರ ಮರ್ಮಸ್ಥಾನ ಹೈ ಪೋಸ್ಟ್, ಅಂದರೆ ಫ್ರೀ ಥ್ರೋ ಗೆರೆಯ ಸುತ್ತಲಿನ ಜಾಗ. ಮುಂದಿನ ಇಬ್ಬರ ಬೆನ್ನಿಗೂ ಹಿಂದಿನ ಮೂವರ ಮುಖಕ್ಕೂ ನಡುವೆ ಚೆಂಡು ತಲುಪಿದರೆ ಎಲ್ಲರೂ ಒಳಮುಖವಾಗಿ ಕುಸಿಯುತ್ತಾರೆ, ಮೂಲೆಗಳು ಖಾಲಿಯಾಗುತ್ತವೆ. ಆದ್ದರಿಂದ ಎದುರಾಳಿಯ ಸೆಂಟರ್ ಅಥವಾ ಪವರ್ ಫಾರ್ವರ್ಡ್ ಒಳ್ಳೆಯ ಪಾಸ್ ಕೊಡಬಲ್ಲವನೇ ಎಂದು ನೋಡಿ. ಅಂಕ ಗಳಿಸುವ ಸೆಂಟರ್‌ಗಿಂತ ಪಾಸ್ ಕೊಡುವ ಸೆಂಟರ್ ಈ ಜೋನ್‌ಗೆ ದೊಡ್ಡ ಶತ್ರು.

3-2: ಹೊರಗಿನ ಬೇಲಿ

ರನ್ ಆ್ಯಂಡ್ ಗನ್, ಮೋಷನ್‌ನಂಥ ಹೊರಗಿನ ದಾಳಿಯ ತಂಡಗಳಿಗೆ ಇದು ಮದ್ದು. ಮೂವರು ಗೆರೆಯ ಉದ್ದಕ್ಕೂ ನಿಲ್ಲುತ್ತಾರೆ, ಒಳಗೆ ಇಬ್ಬರೇ. ಆ ಇಬ್ಬರ ಮೇಲೆ ಬೀಳುವ ಭಾರವನ್ನು ಆಯ್ಕೆ ಮಾಡುವಾಗ ಬಹುತೇಕರು ಮರೆಯುತ್ತಾರೆ. 2-3ರಲ್ಲಿ ಮೂವರು ಮಾಡುವ ರೀಬೌಂಡ್ ಕೆಲಸವನ್ನು ಇಲ್ಲಿ ಇಬ್ಬರು ಮಾಡಬೇಕು. ಎದುರಾಳಿ ದೂರದಿಂದ ಎಸೆದು ಗುರಿ ತಪ್ಪಿದರೂ ಚೆಂಡು ಮತ್ತೆ ಅವರ ಕೈಗೇ ಸಿಕ್ಕಿದರೆ ನೀವು ತಡೆದದ್ದು ಏನನ್ನು?

ಒಂದು ಋತುವಿನಲ್ಲಿ ನಾನು 3-2 ಹಾಕಿ ಸತತ ಮೂರು ಪಂದ್ಯ ಸೋತೆ. ಮೂರರಲ್ಲೂ ಎದುರಾಳಿಗಳ ತ್ರೀ ಪಾಯಿಂಟರ್ ಯಶಸ್ಸು ಶೇ 30ಕ್ಕಿಂತ ಕಡಿಮೆಯಿತ್ತು. ತಂತ್ರ ಸರಿಯಾಗಿಯೇ ಕೆಲಸ ಮಾಡಿದೆ, ಅದೃಷ್ಟ ಕೈಕೊಟ್ಟಿದೆ ಎಂದುಕೊಂಡೆ. ಬಾಕ್ಸ್ ಸ್ಕೋರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂರೂ ಪಂದ್ಯಗಳಲ್ಲಿ ಅವರು ನಮಗಿಂತ ಹತ್ತಕ್ಕೂ ಹೆಚ್ಚು ದಾಳಿಯ ರೀಬೌಂಡ್ ಪಡೆದಿದ್ದರು. ಒಂದೊಂದು ದಾಳಿಯ ರೀಬೌಂಡ್ ಎಂದರೆ ಇನ್ನೊಂದು ಅವಕಾಶ. ಒಂದು ಅವಕಾಶಕ್ಕೆ ಸರಾಸರಿ ಒಂದು ಅಂಕ ಎಂದಿಟ್ಟುಕೊಂಡರೂ ನನ್ನ ಸೋಲಿನ ಅಂತರ ಅಲ್ಲಿಯೇ ಸಿಕ್ಕಿತು. ನನ್ನ ಪವರ್ ಫಾರ್ವರ್ಡ್ ದೂರದಿಂದ ಎಸೆಯಬಲ್ಲ ಚಂದದ ಆಟಗಾರ, ಆದರೆ ರೀಬೌಂಡ್‌ನಲ್ಲಿ ಸಾಧಾರಣ. 2-3 ಅಥವಾ ಮ್ಯಾನ್ ಟು ಮ್ಯಾನ್‌ನಲ್ಲಿ ಆ ಕೊರತೆ ಮುಚ್ಚಿಹೋಗಿತ್ತು. 3-2 ಅದನ್ನು ಬಯಲಿಗೆ ತಂದಿತು. ಅಂದಿನಿಂದ, ನನ್ನ ಇಬ್ಬರು ದೊಡ್ಡ ಆಟಗಾರರೂ ರೀಬೌಂಡ್‌ನಲ್ಲಿ ಗಟ್ಟಿಯಿದ್ದಾರೆ ಎಂಬ ನಂಬಿಕೆ ಇಲ್ಲದೆ ಈ ಜೋನ್ ಕಡೆ ಹೋಗುವುದಿಲ್ಲ.

ಇನ್ನೊಂದು ವಿಷಯ: 3-2ರಲ್ಲಿ ನಿಮ್ಮ ಸ್ಮಾಲ್ ಫಾರ್ವರ್ಡ್ ಮೂರನೆಯ ಗಾರ್ಡ್ ಇದ್ದಂತೆ. ಅವನಿಗೆ ಹೊರಗಿನ ರಕ್ಷಣೆಯ ಕೌಶಲ ಬೇಕೇಬೇಕು. ಸಣ್ಣ ಪವರ್ ಫಾರ್ವರ್ಡ್‌ನಂತಿರುವವನನ್ನು ಅಲ್ಲಿ ನಿಲ್ಲಿಸಿದರೆ ಬೇಲಿಯ ಒಂದು ಕಂಬ ಮೊದಲ ದಿನವೇ ಬಿದ್ದಂತೆ.

1-3-1: ಬಲೆ

ಮೂರರಲ್ಲಿ ನನಗೆ ಅತಿ ಪ್ರಿಯವಾದದ್ದು ಇದು, ನಾನು ಅತಿ ಕಡಿಮೆ ಬಳಸುವುದೂ ಇದನ್ನೇ. ಜಾನ್ ಬೀಲೈನ್ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೋಚ್ ಆಗಿದ್ದಾಗ ಈ ಜೋನ್‌ಗೆ ಹೆಸರು ತಂದರು. 2005ರಲ್ಲಿ ಆ ತಂಡ ಎನ್‌ಸಿಎಎ ಟೂರ್ನಿಯ ಕೊನೆಯ ಎಂಟರ ಹಂತ ತಲುಪಿತು. ತುದಿಯಲ್ಲಿ ನಿಂತ ಉದ್ದ ತೋಳಿನವನು ಚೆಂಡನ್ನು ಒಂದು ಬದಿಗೆ ತಳ್ಳುತ್ತಾನೆ, ಬದಿಯವನು ಸೇರಿಕೊಂಡು ಇಬ್ಬರೂ ಒಬ್ಬನನ್ನು ಅಂಚಿನ ಗೆರೆಗೆ ಒತ್ತುತ್ತಾರೆ, ಉಳಿದವರು ಅವನ ಪಾಸ್ ಹೋಗಬಹುದಾದ ದಾರಿಗಳಲ್ಲಿ ಕಾಯುತ್ತಾರೆ. ಹಿಂದಿನ ಗೆರೆಯ ಬಳಿಯವನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತಲೇ ಇರಬೇಕು. ಅದಕ್ಕೇ ಹಲವು ಕೋಚ್‌ಗಳು ಆ ಜಾಗಕ್ಕೆ ದೊಡ್ಡ ಆಟಗಾರನ ಬದಲು ಚುರುಕಾದ ಗಾರ್ಡ್‌ನನ್ನು ಹಾಕುತ್ತಾರೆ.

ಎದುರಾಳಿ ಎಲ್ಲಿಂದ ಎಸೆಯುತ್ತಾನೆ ಎಂಬುದಕ್ಕಿಂತ, ಚೆಂಡು ಎಸೆಯುವ ತನಕ ಅವನ ಕೈಯಲ್ಲಿ ಉಳಿಯುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಅವರ ಟರ್ನೋವರ್‌ಗಳನ್ನೂ (ಎಸೆಯದೆಯೇ ಚೆಂಡು ಕಳೆದುಕೊಂಡದ್ದು) ಅಸಿಸ್ಟ್‌ಗಳನ್ನೂ (ಅಂಕ ತಂದ ಪಾಸ್‌ಗಳು) ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಪಂದ್ಯದಲ್ಲಿ ಟರ್ನೋವರ್‌ಗಳು ಅಸಿಸ್ಟ್‌ಗಳ ಸಮೀಪಕ್ಕೆ ಬರುತ್ತಿದ್ದರೆ, ಪಾಯಿಂಟ್ ಗಾರ್ಡ್‌ನ ಚೆಂಡು ನಿಭಾಯಿಸುವ ಕೌಶಲ ಕಡಿಮೆ ಎಂದು ಕಂಡುಬಂದರೆ, ಬಲೆ ಬೀಸುವುದರಲ್ಲಿ ಅರ್ಥವಿದೆ. ಚೆನ್ನಾಗಿ ಪಾಸ್ ಕೊಡುವ ತಂಡದ ಮೇಲೆ ಇದನ್ನು ಪ್ರಯೋಗಿಸಿದರೆ ಎರಡೇ ಪಾಸ್‌ಗಳಲ್ಲಿ ಬುಟ್ಟಿಯ ಕೆಳಗೆ ಒಬ್ಬ ಒಂಟಿಯಾಗಿ ನಿಂತಿರುತ್ತಾನೆ, ರೀಬೌಂಡ್‌ಗೆ ನಿಮ್ಮವರು ಯಾರೂ ಸರಿಯಾದ ಜಾಗದಲ್ಲಿ ಇರುವುದಿಲ್ಲ.

ಬಾಕ್ಸ್ ಆ್ಯಂಡ್ ಒನ್ ಕುರಿತು ಒಂದು ಮಾತು

ಒಬ್ಬನೇ ಆಟಗಾರ ತಂಡವನ್ನು ಹೊತ್ತು ನಡೆಸುತ್ತಿದ್ದರೆ ನಾಲ್ವರು ಚೌಕವಾಗಿ ನಿಂತು, ಐದನೆಯವನು ಆ ಒಬ್ಬನಿಗೆ ಅಂಟಿಕೊಳ್ಳುವುದು ಇದರ ರೀತಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 2019ರ ಫೈನಲ್ಸ್‌ನ ಎರಡನೆಯ ಪಂದ್ಯದಲ್ಲಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕ್ಲೇ ಥಾಮ್ಸನ್ ಗಾಯಗೊಂಡು ಹೊರನಡೆದ ಮೇಲೆ, ಟೊರಾಂಟೊ ರಾಪ್ಟರ್ಸ್ ಕೋಚ್ ನಿಕ್ ನರ್ಸ್ ಆ ತಂಡದ ತಾರೆ ಸ್ಟೀಫನ್ ಕರಿಯ ಮೇಲೆ ಇದನ್ನು ಹೂಡಿದರು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಐದು ನಿಮಿಷಕ್ಕೂ ಹೆಚ್ಚು ಕಾಲ ಒಂದು ಅಂಕವನ್ನೂ ಗಳಿಸಲಾಗದೆ ಒದ್ದಾಡಿತು. ಆದರೆ ಕೊನೆಯ ಕ್ಷಣಗಳಲ್ಲಿ ಚೆಂಡು ಆಂಡ್ರೆ ಇಗ್ವಡಾಲ ಕೈಗೆ ಬಂತು. ಟೊರಾಂಟೊ ಬೇಕೆಂದೇ ಬಿಟ್ಟಿದ್ದ ಮನುಷ್ಯ ಆತ. ತ್ರೀ ಪಾಯಿಂಟರ್ ಎಸೆದ, ಬಿತ್ತು, ವಾರಿಯರ್ಸ್ 109-104ರಿಂದ ಗೆದ್ದಿತು. ನರ್ಸ್ ಅವರ ನಿರ್ಧಾರ ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಆ ಎಸೆತವನ್ನು ಕರಿ ಎಸೆಯುವುದಕ್ಕಿಂತ ಇಗ್ವಡಾಲ ಎಸೆಯುವುದೇ ಮೇಲು ಎಂದು ಯಾವ ಕೋಚ್ ಆದರೂ ಹೇಳುತ್ತಾರೆ. ಸಿಮ್ಯುಲೇಷನ್‌ನಲ್ಲಿ ಇದನ್ನು ಹೂಡುವ ಮುನ್ನ ಎದುರಾಳಿಯ ಎರಡನೆಯ ಮತ್ತು ಮೂರನೆಯ ಆಟಗಾರರು ಗಳಿಸುವ ಅಂಕಗಳನ್ನು ನೋಡಿ. ಅವರು ಮೊದಲನೆಯವನಿಗೆ ಹತ್ತಿರದಲ್ಲಿದ್ದರೆ ಈ ಆಯ್ಕೆಯನ್ನು ಮರೆತುಬಿಡಿ.

ಒಂದು ಸೋಲಿಗೆ ಜೋನ್ ಬದಲಿಸಬೇಡಿ

2-3 ಹಾಕಿದ ರಾತ್ರಿ ಎದುರಾಳಿಯ ತ್ರೀ ಪಾಯಿಂಟರ್‌ಗಳು ಮಳೆಯಂತೆ ಬಿದ್ದರೆ ಯಾರಿಗಾದರೂ ಕೈ ನಡುಗುತ್ತದೆ. ಆಗ ಈ ಲೆಕ್ಕ ನೆನಪಿಸಿಕೊಳ್ಳಿ. ಶೇ 35ರ ಸರಾಸರಿಯ ತಂಡವೊಂದು 30 ತ್ರೀ ಪಾಯಿಂಟರ್ ಎಸೆದರೆ ಬೀಳಬೇಕಾದದ್ದು ಹತ್ತೂವರೆ. ಆದರೆ ಬರೀ ಆಕಸ್ಮಿಕದಿಂದಲೇ ಅದು ನಾಲ್ಕರಲ್ಲಿ ಸುಮಾರು ಮೂರು ಪಂದ್ಯಗಳಲ್ಲಿ 8ರಿಂದ 13ರ ನಡುವೆ ಎಲ್ಲಿ ಬೇಕಾದರೂ ಇರುತ್ತದೆ, ನಾಲ್ಕನೆಯದರಲ್ಲಿ ಆ ಮಿತಿಯನ್ನೂ ದಾಟುತ್ತದೆ. 8ಕ್ಕೂ 13ಕ್ಕೂ ನಡುವಿನ ಅಂತರ 15 ಅಂಕ. ನಿಮ್ಮ ತಂತ್ರದಲ್ಲಿ ಏನೊಂದೂ ಬದಲಾಗದೆ ಫಲಿತಾಂಶ ಇಷ್ಟು ಹೊಯ್ದಾಡಬಲ್ಲದು. ಐದಾರು ಪಂದ್ಯಗಳ ಅಂಕಿಗಳನ್ನು ಒಟ್ಟು ಮಾಡಿದ ಮೇಲೆಯೇ ತೀರ್ಪು ಕೊಡಿ. ಎಸೆತ ಬಿತ್ತೇ ಇಲ್ಲವೇ ಎಂಬುದಕ್ಕಿಂತ, ಎಸೆತಗಳು ಎಲ್ಲಿಂದ ಬಂದವು, ಯಾರು ಎಸೆದರು, ತಪ್ಪಿದ ಚೆಂಡು ಯಾರ ಕೈಸೇರಿತು ಎಂಬುದರಲ್ಲಿ ಹೆಚ್ಚು ಸತ್ಯವಿರುತ್ತದೆ.

ಆಟ ಯಾವುದು, ನಿಯಮ ಯಾವುದು

ಮೇಲಿನದೆಲ್ಲ ಪಂದ್ಯದಿಂದ ಪಂದ್ಯಕ್ಕೆ ತಂತ್ರ ಬದಲಿಸಬಹುದಾದ ಆಟಗಳಿಗೆ ಹೊಂದುತ್ತದೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಆಧರಿಸಿದ ಹೂಪ್ಸ್ ಡೈನಾಸ್ಟಿ ಎಂಬ ಆನ್‌ಲೈನ್ ಆಟದಲ್ಲಿ ಆಯ್ಕೆಯ ಸ್ವರೂಪವೇ ಬೇರೆ. ಅಲ್ಲಿ ಪ್ರತಿ ಆಟಗಾರನಿಗೂ ಮ್ಯಾನ್ ಟು ಮ್ಯಾನ್, ಜೋನ್, ಪ್ರೆಸ್ ಪ್ರತಿಯೊಂದರಲ್ಲೂ ಬೇರೆ ಬೇರೆ ತಿಳಿವಳಿಕೆಯ ಶ್ರೇಣಿ ಇರುತ್ತದೆ, ಅದು ಅಭ್ಯಾಸದಿಂದ ನಿಧಾನವಾಗಿ ಬೆಳೆಯುತ್ತದೆ. ಇಂದು ಜೋನ್ ಎಂದು ನಿರ್ಧರಿಸಿದರೆ ಮುಂದಿನ ಮೂರು ನಾಲ್ಕು ಋತುಗಳ ಆಟಗಾರರನ್ನು ಅದಕ್ಕಾಗಿಯೇ ಕರೆತಂದು ಬೆಳೆಸಬೇಕು. ಪ್ರೆಸ್ ಆಡುವ ತಂಡಕ್ಕೆ ಆಳವಾದ ಬೆಂಚ್ ಬೇಕು. ಜೋನ್ ಅಷ್ಟು ದಣಿಸುವುದಿಲ್ಲವಾದ್ದರಿಂದ ಕಡಿಮೆ ಆಟಗಾರರನ್ನು ನೆಚ್ಚಿಕೊಂಡ ತಂಡವೂ ನಿಭಾಯಿಸುತ್ತದೆ. ಅಲ್ಲಿ 2-3, 3-2ರ ಆಯ್ಕೆಯ ಜೊತೆಗೆ -5ರಿಂದ +5ರವರೆಗೆ ರಕ್ಷಣೆಯನ್ನು ಒಳಕ್ಕೆ ಎಳೆಯುವ, ಹೊರಕ್ಕೆ ಹರಡುವ ಅವಕಾಶವೂ ಇದೆ. 2-3 ಹಾಕಿ ತುಸು ಹೊರಕ್ಕೆ ಹರಡಿದರೆ ಮೇಲೆ ಹೇಳಿದ ಲೆಕ್ಕದ ಎರಡು ತುದಿಗಳ ನಡುವಿನ ಜಾಗ ಸಿಗುತ್ತದೆ. ಒಮ್ಮೆಲೇ ತುದಿಗೆ ಹೋಗದೆ ಒಂದೊಂದು ಹೆಜ್ಜೆ ಬದಲಿಸಿ ನೋಡುವುದು ನನ್ನ ಪದ್ಧತಿ.

ಆಟ ಯಾವ ನಿಯಮಗಳನ್ನು ಅನುಸರಿಸುತ್ತದೆ ಎಂಬುದನ್ನೂ ಗಮನಿಸಿ. ಎನ್‌ಬಿಎ ಜೋನ್‌ಗೆ ಅನುಮತಿ ಕೊಟ್ಟದ್ದೇ 2001-02ರ ಋತುವಿನಿಂದ. ಅದರ ಜೊತೆಗೇ, ಯಾರನ್ನೂ ಹಿಡಿಯದೆ ರಕ್ಷಣೆಯ ಆಟಗಾರ ಪೇಂಟ್‌ನಲ್ಲಿ ಮೂರು ಸೆಕೆಂಡ್ ನಿಲ್ಲಕೂಡದು ಎಂಬ ನಿಯಮವೂ ಬಂತು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮಗಳಲ್ಲೂ ಅಮೆರಿಕದ ಕಾಲೇಜು ಆಟದಲ್ಲೂ ಆ ಕಟ್ಟುಪಾಡು ಇಲ್ಲ. ಸೆಂಟರ್ ಬುಟ್ಟಿಯ ಕೆಳಗೆ ಕಾವಲುಗಾರನಂತೆ ನಿಂತೇ ಇರಬಹುದು, 2-3 ಅಲ್ಲಿ ತನ್ನ ಪೂರ್ಣ ಬಲದಲ್ಲಿ ನಿಲ್ಲುತ್ತದೆ. ತ್ರೀ ಪಾಯಿಂಟ್ ಗೆರೆ ಎನ್‌ಬಿಎಯಲ್ಲಿ 7.24 ಮೀಟರ್ ದೂರವಿದ್ದರೆ ಫೀಬಾದಲ್ಲಿ 6.75 ಮೀಟರ್. ಗೆರೆ ದೂರ ಹೋದಷ್ಟೂ ಜೋನ್ ಕಾಯಬೇಕಾದ ಜಾಗ ಹಿಗ್ಗುತ್ತದೆ.

ನಾಳಿನ ಪಂದ್ಯಕ್ಕೆ ನಾನು 2-3 ಉಳಿಸಿದ್ದೇನೆ. 80ರಲ್ಲಿ 20 ತ್ರೀ ಪಾಯಿಂಟರ್ ಎಂಬ ಅಂಕಿಯೇ ಅರ್ಧ ನಿರ್ಧಾರ ಮಾಡಿತು. ಅವರ ಸೆಂಟರ್‌ನ ಐದು ಪಂದ್ಯಗಳ ಅಸಿಸ್ಟ್‌ಗಳು ಒಟ್ಟು ನಾಲ್ಕು ಎಂದು ಕಂಡಾಗ ಉಳಿದ ಅರ್ಧವೂ ಆಯಿತು. ಎದುರಾಳಿ ಒಳಗಿನ ದಾಳಿಯನ್ನೇ ಆಡುತ್ತದೆ, ನಿಧಾನಗತಿಯಲ್ಲಿ ಆಡುತ್ತದೆ ಎಂದು ಮುನ್ಸೂಚನೆಯನ್ನೂ ತುಂಬಿದ್ದೇನೆ. ಬಝರ್‌ಬೀಟರ್‌ನಲ್ಲಿ ಈ ಊಹೆ ಸರಿಯಾದರೆ ರಕ್ಷಣೆಗೆ ಬಲ ಬರುತ್ತದೆ, ತಪ್ಪಿದರೆ ಕಳೆದುಕೊಳ್ಳುತ್ತೇವೆ. ಸ್ಮಾಲ್ ಫಾರ್ವರ್ಡ್ ಸ್ಥಾನದಲ್ಲಿ ಮಾತ್ರ ಬಹಳ ಹೊತ್ತು ಯೋಚಿಸಿದೆ. ಹೆಚ್ಚು ಅಂಕ ಗಳಿಸುವ ಹುಡುಗನನ್ನು ಬೆಂಚ್‌ಗೆ ಕಳುಹಿಸಿ, ಮೂಲೆಗೆ ಓಡಬಲ್ಲ, ರೀಬೌಂಡ್‌ಗೂ ಕೈಹಾಕಬಲ್ಲ ಹತ್ತೊಂಬತ್ತರ ಹುಡುಗನನ್ನು ಮೊದಲ ಐವರಲ್ಲಿ ಸೇರಿಸಿದ್ದೇನೆ.